ಒಂದಕ್ಷರವನ್ನೂ ಬಿಡಬೇಡಿ ಅಂಕಲ್!

ಈ ವರ್ಷ ಕಾದಂಬರಿ ಬರೆದೇ ತೀರುತ್ತೇನೆ ಎಂದು ನಾನು ಘೋಷಿಸಿದ್ದು ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ, ಕರಿಬೇವು ಆರಿಸುತ್ತಾ. ಸಣ್ಣಪುಟ್ಟ ಕಾದಂಬರಿಯಲ್ಲ ಸ್ವಾಮಿ! ನಾಲ್ಕು ತಲೆಮಾರು, ಮೂರು ಪ್ರೇಮ, ಎರಡು ಸಾವು, ಆರುನೂರು ಪುಟ! ಎರಡು ಸಾವಿರದ ಮೂರನೇ ಇಸವಿಯನ್ನು ಕನ್ನಡ ಸಾಹಿತ್ಯ ಮರೆಯಬಾರದು, ಹಾಗೆ ಬರೆಯುತ್ತೇನೆ ಅಂದೆ.

"ಮೊದಲು ಸೊಪ್ಪು ನೋಡಿ ಹಾಕ್ರೀ, ಅರ್ಧ ಕೊಳೆತಿದೆ," ಅಂದಳು ನನ್ನ ಹೆಂಡತಿ ಪ್ರಭಾ.

ಮಹಾನ್ ಲೇಖಕರ ಹೆಂಡಂದಿರೆಲ್ಲ ಹೀಗೇ ಇರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಬರೆಯುವುದಕ್ಕೆ ಜಾಗ ಬೇಕಲ್ಲ? ನಮ್ಮ ಬೆಡ್‌ರೂಮಿಗೆ ಅಂಟಿಕೊಂಡು ಒಂದು ಕ್ಲಾಸೆಟ್ ಇದೆ. ಬೀರು ಅಂದುಕೊಳ್ಳಬೇಡಿ, ಒಳಗೆ ಹೋಗಿ ಓಡಾಡಬಹುದಾದ ಕೋಣೆ! ಮೈಸೂರಲ್ಲಾಗಿದ್ದರೆ ಇಬ್ಬರು ಬ್ರಹ್ಮಚಾರಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಅದರಲ್ಲಿದ್ದ ಪ್ರಭಾಳ ರೇಷ್ಮೆ ಸೀರೆಗಳನ್ನೆಲ್ಲ ಮೂರು ಸೂಟ್‌ಕೇಸಿಗೆ ತುಂಬಿ ಗ್ಯಾರೇಜಿಗೆ ಸಾಗಿಸಿದೆ. ಅಲ್ಲಿ ಮೇಜು ಹಾಕಿದೆ. ಬೆನ್ನು ನೋಯದ ಕುರ್ಚಿ ತಂದೆ. ಕಂಪ್ಯೂಟರಿಗೆ ಕನ್ನಡ ಅಕ್ಷರ ಹಾಕಿಸಿದೆ. ಅಕ್ಷರ ದುಂಡಗಿದ್ದರೆ ಭಾವನೆ ಬರುವುದಿಲ್ಲ ಅನ್ನಿಸಿ ಬೇರೆ ಅಕ್ಷರ ಹಾಕಿಸಿದೆ. ಆಮೇಲೆ ಎಲ್ಲ ಬಿಟ್ಟು, ಶಾಯಿ ಪೆನ್ನಿಗೆ ಆರ್ಡರ್ ಮಾಡಿದೆ.

"ನನ್ನ ಧಾರೆ ಸೀರೆ ಟೆಕ್ಸಸ್ಸಿನ ಆಗಸ್ಟ್ ಬಿಸಿಲಲ್ಲಿ ಗ್ಯಾರೇಜಲ್ಲಿ ಬೇಯ್ತಿದೆ," ಅಂದಳು ಪ್ರಭಾ, ಹಲ್ಲು ಕಚ್ಚಿಕೊಂಡು.

"ಸಾಹಿತ್ಯಕ್ಕೋಸ್ಕರ ತ್ಯಾಗ ಮಾಡ್ಬೇಕಾಗತ್ತೆ ಪ್ರಭಾ."

"ಮಾಡಿ. ನಿಮ್ಮ ಸೂಟು ಗ್ಯಾರೇಜಲ್ಲಿಟ್ಟು ಮಾಡಿ!"

ಪೆನ್ನು ಬರುವ ತನಕ ಸುಮ್ಮನಿರಲಾಗುತ್ತದೆಯೇ? 'ಶ್ಯಾಮಸುಂದರ, ಕಾದಂಬರಿಕಾರ' ಎಂದು ಐನೂರು ಕಾರ್ಡು ಅಚ್ಚು ಹಾಕಿಸಿದೆ. ಗಲ್ಲಕ್ಕೆ ಕೈ ಕೊಟ್ಟು ಫೋಟೋ ತೆಗೆಸಿ ಒಂದು ವೆಬ್‌ಸೈಟ್ ಮಾಡಿದೆ. ಎಷ್ಟು ಜನ ಬಂದು ನೋಡಿದರು ಎಂದು ಲೆಕ್ಕ ತೋರಿಸುವ ಡಬ್ಬಿಯೊಂದು ಅದರ ಕೆಳಗಿತ್ತು. ಎರಡು ವಾರಕ್ಕೆ ಇನ್ನೂರ ಹನ್ನೆರಡು! ಅದರಲ್ಲಿ ಇನ್ನೂರ ಒಂಬತ್ತು ಸಲ ನೋಡಿದವನು ನಾನೇ ಎಂಬುದು ಬೇರೆ ಮಾತು.

ಗಣೇಶನ ಹಬ್ಬದ ದಿನ ಕನ್ನಡ ಸಂಘದ ಅಧ್ಯಕ್ಷ ಮೋಹನರಾಜರಿಗೂ ಒಂದು ಕಾರ್ಡು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಾದಂಬರಿ ಎಲ್ಲಿದೆ ಶ್ಯಾಮ್?"

"ಮನಸ್ಸಿನಲ್ಲಿದೆ ಸಾರ್. ಇಳಿಸೋದೊಂದೇ ಬಾಕಿ."

"ಇಳಿಸಿ ಹಾಗಾದ್ರೆ. ಅಕ್ಟೋಬರಲ್ಲಿ ಹ್ಯೂಸ್ಟನ್ ಹತ್ರ ಕ್ಲಿಯರ್ ಲೇಕಲ್ಲಿ ರಘುನಂದನ ಅವರ ಮನೇಲಿ ಸಾಹಿತ್ಯ ಗೋಷ್ಠಿ ಇದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯೋರು ಬರ್ತಾರೆ. ಮೊದಲ ಅಧ್ಯಾಯ ಓದಿ. ಮೆಚ್ಚಿದ್ರೆ ರಾಜ್ಯೋತ್ಸವದ ಸ್ಮರಣ ಸಂಚಿಕೇಲಿ ಹಾಕ್ತೀವಿ. ಇಲ್ಲಾಂದ್ರೆ ದಯವಿಟ್ಟು ಈ ಕಾರ್ಡು ಹಂಚೋದು ನಿಲ್ಲಿಸ್ಬೇಕು."

ಪಕ್ಕದಲ್ಲೇ ನಿಂತಿದ್ದ ಪ್ರಭಾ ಸುಮ್ಮನಿದ್ದಾಳೆಯೇ? "ನಂದೂ ಅದೇ ಷರತ್ತು. ಮೆಚ್ಚಿದ್ರೆ ಕ್ಲಾಸೆಟ್ ನಿಮ್ದು. ಇಲ್ಲಾಂದ್ರೆ ನನ್ನ ಸೀರೆ ಒಳಗೆ, ನೀವು ಗ್ಯಾರೇಜಿಗೆ!" ಎಂದು ಎಲ್ಲರೆದುರೇ ಸಾರಿದಳು.

ಮಾನ ಪಣಕ್ಕೆ ಬಿತ್ತು. ಆದರೆ ಕುರ್ಚಿಯಲ್ಲಿ ಕೂತರೆ ನನಗೆ ಮೈಯೆಲ್ಲಾ ಇರುವೆ ಹರಿದ ಹಾಗೆ! ಏಳುತ್ತೇನೆ, ಕೂರುತ್ತೇನೆ, ಕಾಫಿ ಕುಡಿಯುತ್ತೇನೆ, ವೆಬ್‌ಸೈಟ್ ನೋಡುತ್ತೇನೆ, ಇನ್ನೂರ ಹದಿಮೂರು. ತಿಂಗಳಾದರೂ ಹಾಳೆಯ ಮೇಲೆ ಬಿದ್ದದ್ದು 'ಓಂ' ಮತ್ತು ಒಂದು ಕಾಫಿ ಕಲೆ ಮಾತ್ರ. ತಮಾಷೆಯೆಂದರೆ ಕಾರು ಹತ್ತಿದ ಕೂಡಲೇ ಕಲ್ಪನೆ ಪುಂಖಾನುಪುಂಖವಾಗಿ ಬರುತ್ತಿತ್ತು! ದಿನಾ ಆಫೀಸಿಗೆ ಹೋಗಿ ಬರಲು ಒಂದೂವರೆ ಗಂಟೆ. ಸರಿ, ಅಂಗೈಯಗಲದ ಟೇಪ್ ರೆಕಾರ್ಡರ್ ತಂದೆ. ಮನೆ ಬಿಡುವಾಗ ಒತ್ತುವುದು, ಆಫೀಸ್ ಬಂದಾಗ ಆರಿಸುವುದು. ಮೂರು ವಾರದಲ್ಲಿ ಎಂಟು ಕ್ಯಾಸೆಟ್ ತುಂಬಿದವು. ತಿರುಗಿಸಿ ಕೇಳಲಿಲ್ಲ. ಹರಿಯುವ ನದಿ ಹಿಂದಿರುಗಿ ನೋಡುತ್ತದೆಯೇ!

ಅದನ್ನು ಬರೆದುಕೊಡುವವರು ಬೇಕಿತ್ತು. ದೇವರು ದೊಡ್ಡವನು. ಎದುರುಮನೆ ಹುಡುಗನ ತಂದೆ ಗದಿಗೆಪ್ಪನವರು ಧಾರವಾಡದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಬರೆದುಕೊಂಡ ಸ್ಟೆನೋ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಿಲ್ಲ ಕತೆಯಿಲ್ಲ. ಬೀದಿಯಲ್ಲಿ ಎಷ್ಟು ಕಾರು ಹೋದವು ಎಂದು ಎಣಿಸುತ್ತಾ ವರಾಂಡದಲ್ಲಿ ಕೂತಿರುತ್ತಿದ್ದರು. ಕ್ಯಾಸೆಟ್ ಕೈಗೆ ಬಿದ್ದದ್ದೇ ಅವರ ಕಣ್ಣು ಮಿಂಚಿತು.

"ಬಿಡ್ರಿ ನನಗ. ಕೈ ತುಕ್ಕ ಹಿಡದು ಕುಂತೈತಿ."

ನಾನು ಎದೆ ಸೆಟೆಸಿ ಹೇಳಿದೆ: "ಅಂಕಲ್, ಒಂದಕ್ಷರವನ್ನೂ ಬಿಡಬೇಡಿ, ಒಂದಕ್ಷರವನ್ನೂ ಸೇರಿಸಬೇಡಿ. ಲೇಖಕನ ಬಾಯಿಂದ ಬಂದದ್ದೆಲ್ಲ ಸಾಹಿತ್ಯ!"

"ಅದನ್ನ ನನಗ ಹೇಳಬೇಕೇನ್ರಿ? ಸಾಕ್ಷಿ ಕೆಮ್ಮಿದ್ರೂ ಬರದಾಂವ ನಾನು," ಅಂದರು.

ನಾನು ಆ ಮಾತಿನ ಅರ್ಥ ಅಲ್ಲೇ ತಿಳಿದುಕೊಳ್ಳಬೇಕಿತ್ತು!

ಗೋಷ್ಠಿಯ ದಿನ ಬೆಳಿಗ್ಗೆ ಗದಿಗೆಪ್ಪನವರು ಕೋಟು ಹಾಕಿಕೊಂಡು, ಮುತ್ತಿನಂಥ ಅಕ್ಷರದ ದಪ್ಪ ನೋಟ್‌ಬುಕ್ ಹಿಡಿದುಕೊಂಡೇ ಕಾರಿನ ಹತ್ತಿರ ಬಂದರು. ಅವರೂ ಹ್ಯೂಸ್ಟನ್ ನೋಡಬೇಕಂತೆ. ಮೊದಲ ಪುಟದ ಮೇಲೆ ಕಣ್ಣಾಡಿಸಿದೆ: 'ಚಂದ್ರಿಕೆ ಕಿಟಕಿಯ ಬಳಿ ನಿಂತಿದ್ದಳು. ಅವಳ ಕಣ್ಣಲ್ಲಿ ಶತಮಾನಗಳ ನೋವಿತ್ತು.' ಆಹಾ! ನನಗೇ ರೋಮಾಂಚನ! ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನೋಟ್‌ಬುಕ್ಕನ್ನು ಹಿಂದೆ ಕೂತ ಪ್ರಭಾಳಿಗೆ ಕೊಟ್ಟೆ. "ಓದ್ತಿರು. ನಿನ್ನ ಗಂಡ ಯಾರು ಅಂತ ಗೊತ್ತಾಗತ್ತೆ."

ಕೋರ್ಸಿಕಾನಾ ದಾಟುವಾಗ ಕನ್ನಡಿಯಲ್ಲಿ ನೋಡುತ್ತೇನೆ, ಪ್ರಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಭುಜ ಅಲುಗಾಡುತ್ತಿದೆ. ಕಣ್ಣಲ್ಲಿ ನೀರು!

"ಮಾಮ್, ಆರ್ ಯೂ ಓಕೇ?" ಅಂತ ಮಗಳು ಇಂಚರಾ ಗಾಬರಿಯಾದಳು.

"ಅಳ್ತಿದ್ದೀಯಾ ಪ್ರಭಾ?" ಹೆಮ್ಮೆಯಿಂದ ಕೇಳಿದೆ.

"ಹೂಂ ರೀ... ತಡಕೊಳಕ್ಕೇ ಆಗ್ತಿಲ್ಲ."

"ಹೆಂಗ್ ಐತವ್ವಾ ತಂಗಿ?" ಗದಿಗೆಪ್ಪನವರು ಹಿಂದೆ ತಿರುಗಿ ಕೇಳಿದರು.

"ತುಂಬಾ ಚೆನ್ನಾಗಿದೆ ಅಂಕಲ್. ಒಂದಕ್ಷರ ಬಿಟ್ಟಿಲ್ಲ ನೀವು."

ಹಂಟ್ಸ್‌ವಿಲ್ ಹತ್ತಿರ ಅವಳು ನೋಟ್‌ಬುಕ್ ಮುಚ್ಚಿ, ಗಂಭೀರವಾಗಿ ಹೊರಗೆ ನೋಡುತ್ತಾ ಕೂತಳು. "ನಾನು ಮಾಡಿದ ಉಪ್ಪಿಟ್ಟು ಹೇಗಿರತ್ರೀ?" ಎಂದು ಇದ್ದಕ್ಕಿದ್ದಂತೆ ಕೇಳಿದಳು. "ಅಮೃತ!" ಅಂದೆ. "ಸರಿ ಹಾಗಾದ್ರೆ. ಸಭೇಲಿ ಗಟ್ಟಿಯಾಗಿ ಓದಿ," ಅಂದಳು.

ರಘುನಂದನರ ಮನೆಯ ಹಾಲಿನಲ್ಲಿ ನಲವತ್ತು ಜನ. ಬಿಸಿಬೇಳೆಬಾತ್ ಹೊಡೆದು ಎಲ್ಲರೂ ತೂಕಡಿಸುತ್ತಿದ್ದರು. ಊಟದ ಹೊತ್ತಿನಲ್ಲಿ ನಾನು ಕಾರ್ಡು ಹಂಚುವುದರಲ್ಲಿ ಮುಳುಗಿ, ನೋಟ್‌ಬುಕ್ಕಿನ ಎರಡನೇ ಪುಟ ತೆರೆಯಲೂ ಇಲ್ಲ. ಮೋಹನರಾಜರು ನನ್ನ ಹೆಸರು ಕರೆದರು. ಎದ್ದೆ. ಗಂಟಲು ಸರಿಮಾಡಿಕೊಂಡೆ. ದನಿಗೆ ಸ್ವಲ್ಪ ನಡುಕ ಸೇರಿಸಿ ಓದತೊಡಗಿದೆ.

"ಚಂದ್ರಿಕೆ ಕಿಟಕಿಯ ಬಳಿ ನಿಂತಿದ್ದಳು. ಅವಳ ಕಣ್ಣಲ್ಲಿ ಶತಮಾನಗಳ ನೋವಿತ್ತು. ದೂರದಲ್ಲಿ ಬರುತ್ತಿದ್ದ ಪ್ರಿಯಕರನನ್ನು ಕಂಡು ಅವಳ ತುಟಿ ಅದುರಿತು. ಮೆಲ್ಲನೆ ಹೇಳಿದಳು, ಏಯ್ ಕೋಣ! ಇಂಡಿಕೇಟರ್ ಹಾಕೋಕೆ ಏನೋ ದೊಡ್ಡರೋಗ ನಿಂಗೆ? ಇಲ್ಲಿ ಹೇಳಿಕೆದಾರರು ಮೂರು ಬಾರಿ ಹಾರ್ನ್ ಬಾರಿಸಿದರು."

ಓದುವ ಭರದಲ್ಲಿ ಬಾಯಿ ಮುಂದೆ ಹೋಗಿಬಿಟ್ಟಿತ್ತು, ಬುದ್ಧಿ ಹಿಂದೆ ಉಳಿದಿತ್ತು! ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಥಟ್ಟನೆ ಪುಟ ತಿರುವಿ ಮುಂದಿನ ಪುಟ ಹಿಡಿದೆ.

"ಪ್ರಸನ್ನಕುಮಾರ ಅವಳ ಕೈ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ, ಒಂದು ದೊಡ್ಡ ಕಾಫಿ, ಒಂದು ಬಿಸ್ಕಿಟ್ಟು. ಎಗ್ ಬೇಡ. ಬೇಕನ್ ಬೇಡ. ಅಯ್ಯೋ, ನೋ ಬೇಕನ್ ಅಂದ್ನಲ್ಲಮ್ಮಾ ತಾಯಿ! ಇಲ್ಲಿ ಹೇಳಿಕೆದಾರರು ಕಾರಿನ ಕಿಟಕಿಯಿಂದಲೇ ತಿಂಡಿ ತೆಗೆದುಕೊಂಡರು."

ಚಾವಣಿ ಹಾರಿಹೋಗುವಂಥ ನಗು! ನಾನು ಗದಿಗೆಪ್ಪನವರ ಕಡೆ ತಿರುಗಿದೆ. "ಏನ್ ಅಂಕಲ್ ಇದು?"

ಅವರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ನೀವ ಹೇಳೀರಲ್ರಿ, ಒಂದಕ್ಷರ ಬಿಡಬ್ಯಾಡ್ರಿ ಅಂತ? ಹೇಳಿಕಿ ತಿದ್ದೂದು ಅಪರಾಧ ಆಗತೈತ್ರಿ."

ನೋಟ್‌ಬುಕ್ ಮುಚ್ಚಿ ಕೂರಲು ಹೋದೆ. ಮೋಹನರಾಜರು ಬಿಟ್ಟರೆ ತಾನೇ! "ಕೊಡಿ ಇಲ್ಲಿ, ಇಷ್ಟು ಒಳ್ಳೇ ಸಾಹಿತ್ಯಾನ ಮಧ್ಯದಲ್ಲಿ ನಿಲ್ಲಿಸಬಾರದು," ಎಂದು ಕೈಯಿಂದ ಕಸಿದುಕೊಂಡರು. ಕನ್ನಡಕ ಏರಿಸಿ, ಸಿಂಹಗರ್ಜನೆಯ ದನಿಯಲ್ಲಿ ಓದಿದರು. ಪ್ರಶಸ್ತಿ ಬಂದರೆ ಮಾಡಬೇಕೆಂದು ಕಾರಿನಲ್ಲಿ ಅಭ್ಯಾಸ ಮಾಡಿದ್ದ ನನ್ನ ಭಾಷಣ ಬಂತು, 'ಮಾನ್ಯ ಮುಖ್ಯಮಂತ್ರಿಗಳೇ, ಈ ಶಾಲು ನನಗೆ ಭಾರ' ಎಂಬುದರಿಂದ ಹಿಡಿದು! 'ಇವಳ ಉಪ್ಪಿಟ್ಟು ಸಿಮೆಂಟು, ಇನ್ನೂ ಎದೇಲೇ ನಿಂತಿದೆ' ಎಂಬುದು ಬಂತು. ಹೆಂಗಸರೆಲ್ಲ ಪ್ರಭಾಳ ಕಡೆ ತಿರುಗಿದರು. ಅವಳು ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ಕ್ಲಿಯರ್ ಲೇಕಿನ ಭೂಮಿಗೆ ಕನ್ನಡ ಬರುವುದಿಲ್ಲ.

ಮೋಹನರಾಜರು ಅದೇ ಹುಮ್ಮಸ್ಸಿನಲ್ಲಿ ಪುಟ ತಿರುವಿದರು. "ಆ ಮೋಹನರಾಜಂಗೆ ಏನ್ರೀ ಗೊತ್ತು ಸಾಹಿತ್ಯ? ಯುಗಾದಿಗೂ ಅದೇ ಭಾಷಣ, ದೀಪಾವಳಿಗೂ ಅದೇ ಭಾಷಣ, ಪಿಕ್‌ನಿಕ್ಕಿಗೂ..."

ನಿಂತರು. ಕನ್ನಡಕ ತೆಗೆದರು. ಕಾರಿನಲ್ಲಿ ಹೋಗುವಾಗ ನಾನು ಯಾರಿಗೋ ಫೋನಿನಲ್ಲಿ ಆಡಿದ ಮಾತು! ನನ್ನ ಕತೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿಯೇ ಹಿಂದಿನಿಂದ ಕೂಗಿದರು: "ಓದ್ರೀ, ನಿಲ್ಲಿಸಬೇಡಿ! ಹೇಳಿಕೆದಾರರು ಸತ್ಯಾನೇ ಹೇಳಿದಾರೆ!" ಮೋಹನರಾಜರು ಮೊದಲು ಕೆಂಪಾದರು, ಆಮೇಲೆ ತಾವೇ ನಕ್ಕುಬಿಟ್ಟರು. ದೊಡ್ಡ ಮನುಷ್ಯ.

ಕೊನೆಯ ಪುಟದ ಹೊತ್ತಿಗೆ ಅವರ ದನಿ ಸಣ್ಣಗಾಯಿತು. "ಅಯ್ಯೋ ದೇವರೇ, ಮುಂದೆ ಚಂದ್ರಿಕೆ ಏನ್ ಮಾಡ್ತಾಳೆ ಅಂತ ನಂಗೇ ಗೊತ್ತಿಲ್ಲ. ಐನೂರು ಕಾರ್ಡು ಬೇರೆ ಹೊಡೆಸಿದೀನಿ. ನಂಗೆ ನಲವತ್ತೊಂದು ವರ್ಷ ಆಯ್ತು, ಆಫೀಸಲ್ಲಿ ಪಕ್ಕದ ಮೂರು ಸೀಟು ಖಾಲಿ ಆಗಿವೆ. ನಾಳೆ ನನ್ನ ಕೆಲಸಾನೂ ಹೋದ್ರೆ, ಇವನು ಯಾರು ಅಂತ ಹೇಳೋಕೆ ಒಂದು ಪುಸ್ತಕಾನಾದ್ರೂ ಇರ್ಲಪ್ಪಾ. ಇಲ್ಲಿ ಹೇಳಿಕೆದಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು."

ನನಗೆ ನಿಜಕ್ಕೂ ಅಳು ಬಂತು. ತಲೆ ಎತ್ತಿದರೆ ಪ್ರಭಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಈ ಸಲ ಸೆರಗು ಬಾಯಿಯ ಮೇಲಿರಲಿಲ್ಲ. ಆಸ್ಟಿನ್ನಿನಿಂದ ಬಂದ ಒಬ್ಬರು "ಇದು ನಮ್ಮೆಲ್ಲರ ಕತೆ ಕಣ್ರೀ," ಅಂದರು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಅವಿರೋಧವಾಗಿ ಸ್ಮರಣ ಸಂಚಿಕೆಗೆ ಆಯ್ಕೆ!

ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಕ್ಲಾಸೆಟ್ಟಿನ ಬಾಗಿಲಿಗೆ ನನ್ನ ಹೆಸರಿನ ಫಲಕ ಹಾಕಲು ಅಳತೆ ತೆಗೆದೆ. ನವೆಂಬರಿನಲ್ಲಿ ಸಂಚಿಕೆ ಬಂತು. ಹಾರಿಬಿದ್ದು ತೆರೆದೆ. ಕೋಣ ಇತ್ತು, ಕಾಫಿ ಇತ್ತು, ಉಪ್ಪಿಟ್ಟಿತ್ತು, ಮೋಹನರಾಜರೂ ಇದ್ದರು. ಚಂದ್ರಿಕೆ ಇರಲಿಲ್ಲ! ಶತಮಾನಗಳ ನೋವೂ ಇರಲಿಲ್ಲ! ಕೆಳಗೆ ಸಂಪಾದಕರ ಟಿಪ್ಪಣಿ: 'ಸ್ಥಳಾಭಾವದಿಂದ ಕಾದಂಬರಿಯ ಭಾಗವನ್ನು ಮಾತ್ರ ಕೈಬಿಡಲಾಗಿದೆ.' ಮೇಲೆ ಹೆಸರು: 'ಬರಹ: ಗದಿಗೆಪ್ಪ. ಹೇಳಿಕೆದಾರ: ಶ್ಯಾಮಸುಂದರ.'

ಎದುರುಮನೆಗೆ ಓಡಿದೆ. ಗದಿಗೆಪ್ಪನವರು ಹತ್ತು ಪ್ರತಿ ಧಾರವಾಡಕ್ಕೆ ಕಟ್ಟಿಡುತ್ತಿದ್ದರು. "ಎರಡನೇ ಭಾಗ ಯಾವಾಗ್ರಿ? ನೀವು ಸುಮ್ನ ಕಾರ್ ಹೊಡಕೋತ ಇರ್ರಿ ಸಾಕು. ಆ ಚಂದ್ರಿಕಿ ಬಂದಾಗೆಲ್ಲಾ ನನಗ ನಿದ್ದಿ ಬರತಿತ್ತು," ಅಂದರು. ಆಮೇಲೆ ನೋಟ್‌ಬುಕ್ಕಿನ ಕಡೇ ಪುಟ ತೆಗೆದು, "ಇಲ್ಲೊಂದು ಸಹಿ ಉಳದೈತ್ರಿ" ಎಂದು ಪೆನ್ನು ಕೊಟ್ಟರು. 'ಓದಿ ಹೇಳಿ ಕೇಳಲಾಯಿತು, ಸರಿ ಇದೆ' ಎಂದು, ಕೋರ್ಟಿನ ಹೇಳಿಕೆಗಳ ಕೊನೆಯಲ್ಲಿ ಹಾಕುವ ಹಾಗೇ, ಬರೆದಿತ್ತು. ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಪ್ರಭಾ ಆಗಲೇ ಹಾಕಿದ್ದಳು.

ಮನೆಗೆ ಬಂದರೆ ಬೆನ್ನು ನೋಯದ ಕುರ್ಚಿ ಹೊರಗಿದೆ, ಮೂರು ಸೂಟ್‌ಕೇಸು ಒಳಗಿವೆ!

"ಇದು ಅನ್ಯಾಯ! ಸಭೆ ಮೆಚ್ಚಿದ್ರೆ ಕ್ಲಾಸೆಟ್ ನಂದು ಅಂತ ನೀನೇ ಅಂದಿದ್ದೆ!"

"ಮೆಚ್ಚಿದ್ದು ನಿಜ," ಅಂದಳು ಪ್ರಭಾ, ಧಾರೆ ಸೀರೆಯನ್ನು ಮಡಿಕೆ ಹಾಕುತ್ತಾ. "ಆ ಕ್ಲಾಸೆಟ್ಟಲ್ಲಿ ಕೂತು ಒಂದು ಸಾಲು ಬರೆದ್ರಾ?"

"ಇಲ್ಲ."

"ಎಲ್ಲಾ ಹುಟ್ಟಿದ್ದು ಎಲ್ಲಿ?"

"ಕಾರಲ್ಲಿ."

"ಕಾರು ಎಲ್ಲಿರತ್ತೆ?"

ಹೊರಗಿದ್ದ ಕುರ್ಚಿಯನ್ನು ಎತ್ತಿಕೊಂಡೆ.

"ಗ್ಯಾರೇಜಲ್ಲಿ," ಅಂದೆ.

ಓದಿ ಹೇಳಿ ಕೇಳಲಾಯಿತು. ಸರಿ ಇದೆ.