ಎಡಕ್ಕೆ ತಿರುಗಿದರೆ ಕೂಗುವ ಕಾರು

ನಂಜನಗೂಡಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವವನು ನಾನು. ಹೀಗಿರುವಾಗ ನನ್ನದೇ ಕಾರಿನ ಹಾರ್ನು ನನ್ನ ಮಾತು ಕೇಳದೆ ಇರುವುದುಂಟೇ?

ಇಂಡಿಕೇಟರ್ ಹಾಕುವ ಸ್ವಿಚ್ಚು ಮುರಿದಿತ್ತು. ನಮ್ಮ ಕಾರಿನ ವಯಸ್ಸಿಗೆ ಹೊಸ ಸಾಮಾನು ಎಲ್ಲೂ ಸಿಗುವುದಿಲ್ಲ. ಮೆಕ್ಯಾನಿಕ್ ಮಹದೇವು ಟಿ. ನರಸೀಪುರದ ಗುಜರಿ ಅಂಗಡಿಯಿಂದ ಯಾವುದೋ ಸತ್ತ ಕಾರಿನ ಸ್ವಿಚ್ಚು ತಂದು ಹಾಕಿದ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಸಾಕು, ಹಾರ್ನು ತಾನಾಗಿ ಬಾಯಿ ಮಾಡತೊಡಗಿತು! ಬಲಕ್ಕೆ ತಿರುಗಿಸಿದರೆ ಪರಮ ಸಾಧು.

"ಗಾಡಿ ಬುಟ್ಟೋಗಿ ಸಾ, ನಾಳಿಕ್ ಬಿಚ್ಚಿ ನೋಡ್ತೀನಿ" ಎಂದ ಮಹದೇವು, ಫೋನಿನಲ್ಲಿ.

ನಾಳೆಯಂತೆ! ಅಂದೇ ಸೋಸಲೆಯಲ್ಲಿ ನನ್ನ ಭಾಮೈದನ ನಿಶ್ಚಿತಾರ್ಥ. ಭಾಮೈದನೂ ಮಿಕ್ಕವರೂ ಆಗಲೇ ಹೊರಟಿದ್ದರು; ಕಳಲೆಯಿಂದ ಮಾವನವರು ಮಾತ್ರ ನಮ್ಮ ಕಾರಿಗೆಂದು ರೇಷ್ಮೆ ಪಂಚೆ ಉಟ್ಟು, ತಾಂಬೂಲದ ತಟ್ಟೆ ಹಿಡಿದು ಬಂದು ಕೂತಿದ್ದರು.

"ಬಸ್ಸಲ್ಲೇ ಹೋಗೋಣ ಕಣ್ರೀ" ಎಂದಳು ಹೆಂಡತಿ ಸುಧಾ.

"ನಾನು ವಿಜ್ಞಾನದ ಮೇಷ್ಟ್ರು ಕಣೇ!" ಎಂದು ಗುಡುಗಿ, ಹಾರ್ನಿನ ಫ್ಯೂಸನ್ನೇ ಕಿತ್ತೆ. ಕಾರು ಮೌನವಾಯಿತು. ಮಾವನವರು ಮೆಚ್ಚಿ ತಲೆದೂಗಿದರು. ಆ ಮೆಚ್ಚುಗೆ ಊರಾಚೆಯ ಮೊದಲ ಹಂಪ್‌ವರೆಗೆ ಬಾಳಿತು.

ಅಲ್ಲಿ ಬ್ರೇಕ್ ಹಾಕಿದೆ. ಹಿಂದಿನಿಂದ ಸ್ಕೂಟರೊಂದು ಬಂದು ಧಡಾರೆಂದು ಗುದ್ದಿತು!

"ಬ್ರೇಕ್ ಲೈಟಾದ್ರೂ ಆಕುಸ್ಕೊಬಾರ್ದಾ ಸಾ?" ಎಂದು ಸವಾರ ಮೊಣಕೈ ಉಜ್ಜಿಕೊಳ್ಳುತ್ತ ರೇಗಿದ.

ಹಾರ್ನಿಗೂ ಬ್ರೇಕ್ ಲೈಟಿಗೂ ಒಂದೇ ಫ್ಯೂಸಂತೆ! ಯಾವ ಪುಣ್ಯಾತ್ಮನ ಏರ್ಪಾಡೋ! ಕ್ಷಮೆ ಕೇಳಿ, ಫ್ಯೂಸನ್ನು ಸಕಲ ಮರ್ಯಾದೆಗಳೊಂದಿಗೆ ಸ್ವಸ್ಥಾನದಲ್ಲಿ ಪುನಃ ಪ್ರತಿಷ್ಠಾಪಿಸಿದೆ.

ಮುಂದೆ ಎಡಕ್ಕೆ ಒಂದು ಉದ್ದನೆಯ ತಿರುವು. ತಿರುವಿನ ತುಂಬ ಶವಯಾತ್ರೆ. ನಮ್ಮ ಕಾರು "ಪೇಂ" ಎಂದು ಶುರು ಮಾಡಿತು. ತಮಟೆಯವರು ನಿಲ್ಲಿಸಿ ತಿರುಗಿ ನೋಡಿದರು.

"ಅಳಿಯಂದ್ರೇ, ಇಳ್ದು ಕೈ ಮುಗೀರಿ" ಎಂದರು ಮಾವನವರು.

ಇಂಜಿನ್ ಆರಿಸಿ, ಇಳಿದು, ಕೈ ಮುಗಿದು ನಿಂತೆ. ಚಕ್ರ ಎಡಕ್ಕೇ ತಿರುಗಿತ್ತು. ಬೆನ್ನ ಹಿಂದೆ ಕಾರು ಬಾರಿಸುತ್ತಲೇ ಇತ್ತು!

ಒಬ್ಬ ಮುದುಕ ಹತ್ತಿರ ಬಂದು ಹೇಳಿದ: "ಒಸಿ ತಡ್ಕಳಪ್ಪ. ನೀ ಇಂಗೇ ಬಾರಿಸ್ತಿದ್ರೆ ಮಲ್ಗಿರೋನೇ ಎದ್ದು ದಾರಿ ಬುಡ್ತಾನೆ!"

ನನ್ನ ರಕ್ತ ಕುದಿಯಿತು. ಇಷ್ಟಕ್ಕೆಲ್ಲ ಕಾರಣ ಆ ಗುಜರಿ ಅಂಗಡಿ! ನರಸೀಪುರ ಬಂದ ತಕ್ಷಣ ನೇರ ಅಲ್ಲಿಗೇ ನುಗ್ಗಿದೆ. ಒಡತಿ ಜಯಮ್ಮ, ಕಿವಿಯ ಹಿಂದೆ ಟೆಸ್ಟರ್ ಸಿಕ್ಕಿಸಿಕೊಂಡು, ಹಳೆಯ ಬಾಗಿಲೊಂದರ ಮೇಲೆ ಕೂತಿದ್ದರು.

"ಕೆಟ್ಟ ಮಾಲು ಮಾರಿ ಸಜ್ಜನರ ಮಾನ ಕಳೀತೀರಲ್ಲ! ನಿಮಗೆ ವೈರಿಂಗ್ ಅಂದ್ರೆ ಏನು ಅಂತ ಗೊತ್ತಾ?" ಬೀದಿಯಲ್ಲಿ ಜನ ನಿಂತರು. ನಾನು ಇನ್ನೂ ಜೋರು ಮಾಡಿದೆ.

ಜಯಮ್ಮ ಎದ್ದು ಬಂದು, ಕಾರಿನ ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಸ್ಟಿಯರಿಂಗ್ ಕೆಳಗಿನ ಕವರು ಬಿಚ್ಚಿ, ಬೆರಳುದ್ದದ ಒಂದು ಸ್ಕ್ರೂ ಹೊರತೆಗೆದರು.

"ಮಾಲು ಸರ್ಯಾಗದೆ ಸಾ. ಈ ಸ್ಕ್ರೂ ಆರ್ನಿನ ವೈರ್ ಸಿಪ್ಪೆ ಸುಲ್ದದೆ. ಎಡಕ್ ತಿರ್ಗುದ್ರೆ ತಾಗ್ತದೆ. ಇದ್ಯಾರು ಆಕಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಸುಧಾ ಕೂಗಿದಳು: "ಅಯ್ಯೋ, ಇದು ನಮ್ಮ ಕಿಟಕಿ ಚಿಲಕದ್ದು! ನಿನ್ನೆಯಿಂದ ಹುಡುಕ್ತಿದ್ದೀನಿ!"

ಹೌದು. ಕವರಿನಲ್ಲಿ ಒಂದು ಸ್ಕ್ರೂ ಇಲ್ಲದ್ದನ್ನು ಹಿಂದಿನ ದಿನ ಕಂಡು, ಮಹದೇವುವಿನ ಬೇಜವಾಬ್ದಾರಿಗೆ ಮರುಗಿ, ಸ್ವಹಸ್ತದಿಂದ ಚಿಲಕದ ಸ್ಕ್ರೂ ಕಿತ್ತು ತಂದು ಬಿಗಿದ ಮಹಾನುಭಾವ ನಾನೇ.

ಜಯಮ್ಮ ವೈರಿಗೆ ಟೇಪು ಸುತ್ತಿದರು. ನಾನು ಕ್ಷಮೆ ಕೇಳಿದೆ. ಬೈಯುವಾಗ ಇದ್ದಷ್ಟು ಜೋರಾಗಿ ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಸೋಸಲೆ ಮುಟ್ಟಿದಾಗ ಮುಹೂರ್ತಕ್ಕೆ ಐದು ನಿಮಿಷವಿತ್ತು. "ಯಾಕ್ ಇಷ್ಟೊತ್ತು?" ಎಂದರು ಹೆಣ್ಣಿನ ತಂದೆ.

"ಸ್ಕ್ರೂ ತೊಂದ್ರೆ ಆಗಿತ್ತು" ಎಂದರು ಮಾವನವರು.

"ಕಾರಿಂದಾ?"

ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾರಿಂದು ಸರಿ ಓಯ್ತು."

ಚಪ್ಪರವೆಲ್ಲ ನಕ್ಕಿತು. ನಾನೂ ನಕ್ಕೆ. ಅರ್ಥವಾಗದವನಂತೆ!