ಬೂಟು ಬಿಚ್ಚದ ಸೊಸೆ

ನನ್ನ ಸೊಸೆಯ ತಲೆಯಲ್ಲಿ ಒಂದು ತಿರುಪು ಸಡಿಲ. ಇದನ್ನು ಅತ್ತೆಯಾದವಳು ಹೇಳಿದರೆ ಯಾರು ನಂಬುತ್ತಾರೆ? ಎಲ್ಲ ಅತ್ತೆಯರೂ ಹೇಳುವುದೇ ಅದು! ಆದರೆ ನನ್ನ ಹತ್ತಿರ ಸಾಕ್ಷಿ ಇದೆ. ಇಂಗ್ಲಿಷರ ದೇಶದ ಪಿನ್ನರ್‌ನಲ್ಲಿ ನಾಲ್ಕು ಕೋಣೆಯ ಬೆಚ್ಚನೆಯ ಮನೆ ಇಟ್ಟುಕೊಂಡು, ಎಪ್ಪತ್ತು ದಾಟಿದ ನನ್ನನ್ನು ಹಿತ್ತಲಿನಲ್ಲಿ ಗುಡಾರ ಹಾಕಿ ಮಲಗಿಸಿದವಳು ಅವಳು.

ಕ್ಯಾನರಿ ವಾರ್ಫ್‌ನ ಯಾವುದೋ ಬ್ಯಾಂಕಿನಲ್ಲಿ ಅವಳು ಇಪ್ಪತ್ತು ಜನರ ಮೇಲೆ ದೊಡ್ಡವಳು. ಮನೆಗೆ ಬಂದರೂ ಆ ದೊಡ್ಡತನ ಇಳಿಯುವುದಿಲ್ಲ. ಫ್ರಿಜ್ಜಿನ ಮೇಲೆ ಪಟ್ಟಿ, ಬಚ್ಚಲ ಬಾಗಿಲ ಮೇಲೆ ಪಟ್ಟಿ. ನನ್ನ ಮಗ ಯಾವ ವಾರ ಉಗುರು ಕತ್ತರಿಸಬೇಕು ಎಂಬುದಕ್ಕೂ ಪಟ್ಟಿ! ಪಾಪದವನು, ಕತ್ತರಿಸುತ್ತಾನೆ.

ನನಗೆ ಮಾತ್ರ ಆ ಮನೆಯಲ್ಲಿ ಕೆಲಸವಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಮಗ ಕರೆದುಕೊಂಡು ಬಂದು ಒಂದು ವರ್ಷವಾಗಿತ್ತು. ಬಟ್ಟೆ ಒಗೆಯಲು ಮಿಷನ್ನು, ಪಾತ್ರೆ ತೊಳೆಯಲು ಮಿಷನ್ನು. ಕೂತು ಉಣ್ಣುವುದು ನನ್ನ ಜಾಯಮಾನವಲ್ಲ. ಶಿರಾದಲ್ಲಿರುವ ಮಗಳ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದೆ. ಮಗ ಮುಖ ಸಣ್ಣ ಮಾಡಿಕೊಂಡು ಟಿಕೆಟ್ ತಂದ. ಸೊಸೆ ಏನೆಂದಳು ಗೊತ್ತೇ?

"ಆಯ್ತು ಅತ್ತೆ. ಹೋಗೋಕ್ ಮುಂಚೆ ಒಂದ್ಸಲ ಆಸ್ಟ್ರೇಲಿಯಾಗೆ ಹೋಗ್ಬರೋಣ."

ಇರಿ ಎಂದು ಬಾಯಿಮಾತಿಗಾದರೂ ಹೇಳಬಾರದೇ? ಹೇಳಲಿಲ್ಲ. ನಾನೂ ಕೇಳಲಿಲ್ಲ. ನನಗೂ ಕೊಬ್ಬು ಕಡಿಮೆಯಿಲ್ಲ.

"ಅಲ್ಲೇನೈತೆ?" ಎಂದೆ.

"ಏನೂ ಇಲ್ಲ ಅತ್ತೆ! ಬರೀ ಕಲ್ಲು, ಬಿಸ್ಲು, ನಿಮ್ಮ ತವರು ಪಾವಗಡದ ಥರಾನೇ. ಆದ್ರೆ ಒಂದು ಕಮರಿ ಒಳಗೆ ಒರತೆ ಇದ್ಯಂತೆ, ನಿಮ್ಮೂರಲ್ಲಿ ತಲಪರಿಗೆ ಅಂತೀರಲ್ಲ, ಅದು. ಚಿಕ್ಕೋರಿದ್ದಾಗ ಮರಳು ಬಗೆದು ತಲಪರಿಗೆ ನೀರು ಕುಡೀತಿದ್ವಿ ಅಂತ ನೀವೇ ಹೇಳಿದ್ರಲ್ಲ?"

ಪಾವಗಡ ನೋಡಲು ಭೂಮಿಯ ಆ ತುದಿಗೆ ಹೋಗುವವರನ್ನು ಏನೆಂದು ಕರೆಯಬೇಕು, ನೀವೇ ಹೇಳಿ!

ಹೊರಡುವ ಮುಂಚೆ ಅಭ್ಯಾಸವಾಗಲಿ ಎಂದು ಹಿತ್ತಲಿನಲ್ಲಿ ಗುಡಾರ ಎದ್ದಿತು. ಬೆಳಿಗ್ಗೆ ನಾನು ಚೊಂಬು ಹಿಡಿದು ಮಂಡಿಯೂರಿ ಹೊರಗೆ ಬರುವುದನ್ನು ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಬೇಲಿಯ ಮೇಲಿಂದ ನೋಡಿದಳು. ಬಿಸ್ಕತ್ತು ತಂದಳು, ನನ್ನ ಕೈ ಹಿಡಿದು ಏನೇನೋ ಕೇಳಿದಳು. ನನಗೆ ಬರುವ ಇಂಗ್ಲಿಷ್ ಎರಡೇ, ಎಸ್ ಮತ್ತು ಥ್ಯಾಂಕ್ಯೂ. ಎರಡನ್ನೂ ಧಾರಾಳವಾಗಿ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಪುರಸಭೆಯಾದ ಕೌನ್ಸಿಲ್‌ನಿಂದ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಸೊಸೆ ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ ಎಂದು ದೂರು! ಬೇರೆ ಸೊಸೆಯಾಗಿದ್ದರೆ ಅತ್ತುಬಿಡುತ್ತಿದ್ದಳು. ಇವಳು ಅವರಿಬ್ಬರನ್ನೂ ಗುಡಾರದೊಳಗೆ ಕೂರಿಸಿ, ಉಪ್ಪಿಟ್ಟು ತಿನ್ನಿಸಿ, ಮಳೆ ಬಂದರೆ ಎಲ್ಲಾದರೂ ಸೋರುತ್ತದೆಯೇ ನೋಡಿ ಎಂದು ಅವರಿಂದಲೇ ಪರೀಕ್ಷೆ ಮಾಡಿಸಿ ಕಳಿಸಿದಳು.

ಆಸ್ಟ್ರೇಲಿಯಾದ ಆ ಬಯಲಿಗೆ ಹೋಗಿ ಇಳಿದಾಗ ನೆಲವೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಅಲ್ಲಿಯೂ ಪಟ್ಟಿ ಬಂತು. ಮಗನಿಗೆ ಗೂಟ ಹೊಡೆಯುವ ಕೆಲಸ, ಒಂಬತ್ತು ವರ್ಷದ ಮೊಮ್ಮಗಳಿಗೆ ಒಲೆಗೆ ಪುಳ್ಳೆ ಆಯುವ ಕೆಲಸ. ನಾನು ನೀರಿನ ಇನ್‌ಚಾರ್ಜು. ಒಂದು ಚೊಂಬು ನೀರಿನಲ್ಲಿ ನಾಲ್ಕು ಜನರ ಪಾತ್ರೆ ತೊಳೆದೆ. ಮೊದಲು ಮರಳು, ಆಮೇಲೆ ಬೂದಿ, ಕೊನೆಗೆ ನೀರು. ಇದೇನು ದೊಡ್ಡ ವಿದ್ಯೆಯೇ? ಸೊಸೆ ಸುತ್ತಲಿನ ಗುಡಾರಗಳ ಬಿಳಿಯರನ್ನೆಲ್ಲ ಕರೆದು ತಂದು ನನ್ನ ಸುತ್ತ ನಿಲ್ಲಿಸಿದಳು. ಅವರು ಫೋಟೊ ತೆಗೆದರು!

"ಅಜ್ಜಿ, ಮಮ್ಮಿ ಈಸ್ ಶೋಯಿಂಗ್ ಆಫ್!" ಎಂದಳು ಮೊಮ್ಮಗಳು. ನಿನ್ನನ್ನು ತೋರಿಸಿ ಜಂಭ ಕೊಚ್ಚಿಕೊಳ್ಳುತ್ತಿದ್ದಾಳೆ ಎಂದು ಮಗ ಅರ್ಥ ಹೇಳಿದ.

ಮಲಗುವಾಗ ಚಪ್ಪಲಿಯ ಜಗಳ ಬಂತು. ಗುಡಾರವಾದರೇನು, ಒಳಗೆ ಅನ್ನ ಉಣ್ಣುವ ಜಾಗ. ಎಲ್ಲರ ಬೂಟನ್ನೂ ಬಿಚ್ಚಿಸಿ, ಜೋಡಿ ಜೋಡಿಯಾಗಿ ಹೊರಗೆ ಇಡಿಸಿದೆ. ಸೊಸೆ ಮಾತ್ರ ಬಿಚ್ಚಲಿಲ್ಲ. ಕಾಡಿನಲ್ಲಿ ಯಾವಾಗ ಬೇಕಾದರೂ ಓಡಬೇಕಾಗಬಹುದು ಎಂದು ಅವಳ ಪಟ್ಟಿಯಲ್ಲಿತ್ತಂತೆ. ಬೂಟಿನ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, "ಈಗ ಮಡಿ ಆಯ್ತಲ್ಲ ಅತ್ತೆ?" ಎಂದು ಮಲಗಿಯೇಬಿಟ್ಟಳು.

ಬೆಳಗಾಗೆದ್ದು ನೋಡಿದರೆ ಹೊರಗೆ ಒಂದು ಬೂಟೂ ಇಲ್ಲ! ಅಲ್ಲಿ ಡಿಂಗೊ ಎಂಬ ಕಾಡುನಾಯಿ ಚಪ್ಪಲಿ ಕದಿಯುತ್ತದಂತೆ. ಹಾಗೆಂದು ಬೋರ್ಡು ಕೂಡ ಹಾಕಿದ್ದರಂತೆ. ನನಗೆ ಇಂಗ್ಲಿಷ್ ಓದಲು ಬಾರದು. ಬರುವವರು ಓದಲಿಲ್ಲ.

ಮಾರನೆಯ ದಿನ ವಾಪಸು ಹೊರಡಬೇಕು. ಅಂಗಡಿ ಅರ್ಧ ದಿನದ ದಾರಿ. ಒರತೆಗೆ ಹೋಗುವ ಹಾದಿಯೆಲ್ಲ ಚೂಪುಗಲ್ಲು.

"ನನ್ನಿಂದಲೇ ಆಯ್ತು. ನೀನೊಬ್ಳೇ ಹೋಗಿ ಬಾರಮ್ಮ," ಎಂದೆ.

"ನಾನ್ಯಾಕೆ ಹೋಗ್ಲಿ? ತಲಪರಿಗೆ ನೋಡ್ಬೇಕಾಗಿರೋದು ನೀವು," ಎಂದು ಅವಳು ಕೂತು ತನ್ನ ಬೂಟು ಬಿಚ್ಚಿದಳು. ನನ್ನ ಕಾಲಿಗೆ ಎರಡೆರಡು ಕಾಲುಚೀಲ ತುರುಕಿ, ಲೇಸು ಕಟ್ಟಿದಳು. ನಾನು ಹಾಸಿಕೊಂಡಿದ್ದ ಹಳೆಯ ನೂಲಿನ ಸೀರೆಯನ್ನು ಪರಪರ ಹರಿದು ತನ್ನ ಕಾಲಿಗೆ ಸುತ್ತಿಕೊಂಡಳು.

"ಜನ ಏನಂದಾರು? ಸೊಸೆ ಬೂಟು ಅತ್ತೆ ಕಾಲಿಗೆ!"

"ಡಿಂಗೊ ಬಿಟ್ರೆ ಇಲ್ಲಿ ಯಾರಿದ್ದಾರೆ ಅನ್ನೋಕೆ? ಏಳಿ, ಏಳಿ!"

ಮಗ, ಮೊಮ್ಮಗಳು ಗುಡಾರದಲ್ಲೇ ಉಳಿದರು. ನಾವಿಬ್ಬರೇ ಹೊರಟೆವು. ಎರಡು ಕಡೆ ಕೆಂಪು ಬಂಡೆ, ಮೇಲೆ ಆಕಾಶ ಸೀರೆಯ ಅಂಚಿನಷ್ಟು. ದಾರಿಯುದ್ದಕ್ಕೂ ಅವಳನ್ನು ಬೈದೆ. ಬೈಯದಿದ್ದರೆ ನನಗೆ ಕಾಲು ಬರುವುದಿಲ್ಲ. ಕೊನೆಗೆ ಒಂದು ಬಂಡೆಯ ಬುಡದಲ್ಲಿ ಸಿಕ್ಕಿತು ನೋಡಿ! ಸದ್ದಿಲ್ಲದೆ ಜಿನುಗಿ ಗುಂಡಿ ತುಂಬಿದ ತಣ್ಣನೆಯ ನೀರು. ಬೊಗಸೆ ತುಂಬಿ ಕುಡಿದೆ. ಸಿಹಿ ಇತ್ತು.

ತಿರುಗಿ ನೋಡಿದರೆ ಇವಳು ಕಲ್ಲಿನ ಮೇಲೆ ಕೂತು, ಮುಚ್ಚಿಕೊಳ್ಳಲು ಸೆರಗಿಲ್ಲದೆ, ಕಾಲನ್ನು ಕಲ್ಲಿನ ಹಿಂದೆ ಅಡಗಿಸಲು ನೋಡುತ್ತಿದ್ದಳು. ಎಳೆದು ಬಟ್ಟೆ ಬಿಚ್ಚಿದೆ. ಅಂಗಾಲೆಲ್ಲ ರಕ್ತ. ಕುಡಿಯುವ ನೀರಿಗೆ ಕಾಲಿಡಬಾರದು. ಚೊಂಬಿನಲ್ಲಿ ಮೊಗೆದು ಈಚೆಗೆ ತಂದು, ಕೆಳಗೆ ಕೂತು, ಅವಳ ಕಾಲು ತೊಳೆದೆ. ನಮ್ಮ ಪೈಕಿ ಯಾವ ಅತ್ತೆಯೂ ಮಾಡದ ಕೆಲಸ.

"ಬಿಡಿ ಅತ್ತೆ, ನೀವು ನನ್ ಕಾಲು ಮುಟ್ಬಾರ್ದು."

"ಸುಮ್ನೆ ಕೂತ್ಕೊ."

ಕಾಲನ್ನು ನನ್ನ ಕೈಗೆ ಬಿಟ್ಟಳು. ಇಪ್ಪತ್ತು ಜನರನ್ನು ಆಳುವ ಆ ಬಾಯಿಂದ ಸಣ್ಣ ದನಿ ಬಂತು. "ಆಫೀಸಲ್ಲಿ ಎಲ್ಲಾರೂ ನನಗೆ ಹೆದರ್ತಾರೆ. ಮನೇಲಿ ನಿಮ್ಮ ಮಗ ಹೆದರ್ತಾರೆ. ನೀವೂ ಹೋಗ್ಬಿಟ್ರೆ ನನ್ನ ಬೈಯೋರು ಯಾರತ್ತೆ?"

"ಅಯ್ಯೋ ಹುಚ್ಚುಮುಂಡೇದೇ! ಈ ಮಾತನ್ನ ಪಿನ್ನರ್‌ನಾಗೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ಹೇಳಕ್ಕೆ ಬರಲಿಲ್ಲ."

ಟಿಕೆಟ್ಟಿನ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಚೊಂಬು ತುಂಬಿಕೊಂಡು ಬಂದೆ.

"ಇನ್ನೊಂದು ಕಾಲು ಕೊಡು," ಎಂದೆ.