ಕೆಲಸ ಮುಗಿದರೆ ಡಿಸ್ಕ್ ಖಾಲಿ

ಕಂಪ್ಯೂಟರ್ ತಪ್ಪು ಮಾಡುವುದು ಅಪರೂಪ. ಆ ಕೊರತೆಯನ್ನು ಮನುಷ್ಯರು ದಿನಾ ತುಂಬುತ್ತಾರೆ. ಹಾಗಾಗಿ ನಿವೃತ್ತನಾದ ಮೇಲೂ ನನ್ನನ್ನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಉಳಿಸಿಕೊಂಡಿದ್ದಾರೆ.

ಅಲ್ಲಿ ಬೀರುವಿನಂಥ ಒಂದು ಚೌಕಟ್ಟಿನಲ್ಲಿ ಹನ್ನೆರಡು ಮಷಿನ್‌ಗಳನ್ನು ಜೋಡಿಸಿದ್ದೇವೆ. ಯಾರ ಕೆಲಸ ಯಾವ ಮಷಿನ್‌ಗೆ ಎಂದು ಹಂಚುವುದು ಶೆಡ್ಯೂಲರ್ ಎಂಬ ಪ್ರೋಗ್ರಾಂ. ಪ್ರತಿ ಮಷಿನ್‌ಗೂ ಅದರದೇ ಡಿಸ್ಕ್ ಇದೆ. ಕೆಲಸ ಮುಗಿದೊಡನೆ ಶೆಡ್ಯೂಲರ್ ಆ ಡಿಸ್ಕನ್ನು ಒರೆಸಿಬಿಡುತ್ತದೆ. ಬೇಕಾದ್ದನ್ನು ಅಷ್ಟರೊಳಗೆ ಎಲ್ಲರಿಗೂ ಸೇರಿದ ದೊಡ್ಡ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬೇಕು. ಇದನ್ನು ಬೋರ್ಡಿನಲ್ಲಿ ಬರೆದು ಹಾಕಿದ್ದೇನೆ. ಪಿಎಚ್.ಡಿ. ಮಾಡುವವರು ಬೋರ್ಡ್ ಓದುವುದಿಲ್ಲ.

ಟವೆಲ್

ಕೊಣನೂರಿನಿಂದ ಬರುವ ಒಬ್ಬ ಮೇಷ್ಟ್ರು. ಹೊಗೆಸೊಪ್ಪಿನ ಎಲೆಯ ಫೋಟೊ ನೋಡಿ ರೋಗ ಹೇಳುವ ಪ್ರೋಗ್ರಾಂ ಅವರ ಸಂಶೋಧನೆ. ಶುಕ್ರವಾರದೊಳಗೆ ಫಲಿತಾಂಶವನ್ನು ಗೈಡ್ ಒಪ್ಪದಿದ್ದರೆ ನೋಂದಣಿ ರದ್ದು, ಆರು ವರ್ಷ ಮಣ್ಣುಪಾಲು. ಸೋಮವಾರ ಬಂದವರೇ ಏಳನೇ ಮಷಿನ್‌ಗೆ ಟವೆಲ್ ಹಾಕಿದರು, ಅರಕಲಗೂಡಿನ ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ.

"ಏನ್ರೀ ಇದು?"

"ಫೋಟೋನೆಲ್ಲ ಇದ್ರ ಡಿಸ್ಕಲ್ಲೇ ಮಡಗಿದೀನಿ ಸಾ. ಬ್ಯಾರೆಯೋರು ಬಂದ್ಬುಡ್ತಾರೆ."

ಟವೆಲ್ ಗಾಳಿಗೆ ಅಡ್ಡವಾಗಿ ಮಷಿನ್ ಕಾದು ತಾನೇ ಆಫ್ ಆಯಿತು. ಸೀಟು ಸಿಕ್ಕಿತು, ಬಸ್ಸು ಕೆಟ್ಟಿತು.

ಹನ್ನೊಂದನೇ ಮಷಿನ್

ಮಂಗಳವಾರ ಅವರ ಕೆಲಸವನ್ನು ಶೆಡ್ಯೂಲರ್ ಹನ್ನೊಂದಕ್ಕೆ ಕಳಿಸಿತು. ಅಲ್ಲಿ ಫೋಟೊ ಇಲ್ಲ. ಕೆಲಸ ಅರ್ಧಕ್ಕೇ ನಿಂತಿತು.

"ಎಲ್ಡೂ ಒಂದೇ ಬೀರು ಒಳಗೇ ಅವೆ ಸಾ. ಕೈ ಚಾಚಿ ಎತ್ಕಳಕ್ಕೇನು ರೋಗ ಇದ್ಕೆ?"

"ನೀವು ಉಂಡ್ರೆ ಪಕ್ಕದೋರ ಹೊಟ್ಟೆ ತುಂಬುತ್ತೇನ್ರೀ?"

ಯೋಚಿಸಿದರು. "ಸ್ಟಾಫ್ ರೂಮಲ್ಲಿ ಅವರದೇ ತುಂಬೋದು ಸಾ. ನನ್ನ ಡಬ್ಬಿ ದಿನಾ ಖಾಲಿ ಮಾಡ್ತಾರೆ."

ಹುಕುಂ

ಫೋಟೊಗಳನ್ನು ಕೆಲಸದ ಜೊತೆಗೇ ಕಳಿಸುವುದು ಹೇಳಿಕೊಟ್ಟೆ. ಬುಧವಾರ ಕೆಲಸ ಓಡಿತು, ಮುಗಿಯಿತು, ಫಲಿತಾಂಶ ಒರೆಸಿಹೋಯಿತು. ಕಾಪಿ ಮಾಡಿರಲಿಲ್ಲ. ಮೇಷ್ಟ್ರು ವಿಭಾಗದ ಮುಖ್ಯಸ್ಥರಿಗೆ ದೂರು ಕೊಟ್ಟರು.

"ಒರೆಸೋದು ನಿಲ್ಲಿಸಿ" ಎಂದು ಹುಕುಂ ಬಂತು. ನಿಲ್ಲಿಸಿದೆ. ಸಂಜೆಗೆ ಡಿಸ್ಕುಗಳೆಲ್ಲ ತುಂಬಿ ಯಾರ ಕೆಲಸವೂ ಓಡಲಿಲ್ಲ. ಹೋಗಿ ಹೇಳಿದೆ. "ಒಂದು ಸಮಿತಿ ಮಾಡೋಣ" ಎಂದರು ಮುಖ್ಯಸ್ಥರು.

ನಾನು ಒರೆಸುವುದನ್ನು ಮತ್ತೆ ಶುರುಮಾಡಿದೆ. ಸಮಿತಿ ಇನ್ನೂ ಸೇರಿಲ್ಲ.

ಫಲಿತಾಂಶ

ಗುರುವಾರ ಮೇಷ್ಟ್ರನ್ನು ಕೂರಿಸಿಕೊಂಡು ಹೇಳಿದೆ: "ಪ್ರೋಗ್ರಾಂಗೆ ಕಾಪಿ ಮಾಡೋ ಸಾಲೊಂದು ಸೇರಿಸ್ರೀ."

ಸೇರಿಸಿದರು. ಶುಕ್ರವಾರ ನಗುತ್ತ ಬಂದರು. "ಕಾಪಿ ಆಗೈತೆ ಸಾ. ಆ ಫೋಲ್ಡರ್ನೇ ಗೈಡ್‌ಗೂ ಕಳ್ಸ್‌ಬುಟ್ಟೆ."

ದೊಡ್ಡ ಡಿಸ್ಕಿನಲ್ಲಿ ಆ ಫೋಲ್ಡರ್ ತೆರೆದೆ. ಖಾಲಿ. ಕಾಪಿಯ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದರು. ಕೆಲಸ ಶುರುವಾಗುವ ಮೊದಲೇ, ಇಲ್ಲದ ಫಲಿತಾಂಶ ಚೊಕ್ಕವಾಗಿ ಕಾಪಿಯಾಗಿತ್ತು.

"ಮುಖ್ಯವಾದ್ದು ಮೊದ್ಲು ಇರ್ಲಿ ಅಂತ ಆಕ್ದೆ ಸಾ." ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಆರು ವರ್ಸ ಓಯ್ತಾ?"

ಅಷ್ಟರಲ್ಲಿ ಗೈಡ್ ಕಡೆಯಿಂದ ಉತ್ತರ ಬಂತು. ಇಬ್ಬರೂ ಓದಿದೆವು.

"ಫಲಿತಾಂಶ ಪೂರ್ತಿ ನೋಡಿದೆ. ಚೆನ್ನಾಗಿದೆ, ಒಪ್ಪಿದ್ದೇನೆ. ತುಂಬಾ ಉದ್ದವಾಯಿತು, ಅರ್ಧಕ್ಕೆ ಇಳಿಸಿ."